ಮನೆಯ ಮೀಡಿಯಾ ಸರ್ವರ್‌ನಲ್ಲಿ ಚಕ್ರ ಸುತ್ತುತ್ತಿದ್ದರೆ ದೋಷ ಹುಡುಕುವ ಬಗೆ

ಭಾಗವತರು ಪದ್ಯ ಎತ್ತಿದ್ದಾರೆ, ಚಂಡೆಯ ಪೆಟ್ಟು ಇನ್ನೇನು ಬೀಳಬೇಕು, ಅಷ್ಟರಲ್ಲಿ ಟಿವಿಯ ನಡುಮಧ್ಯೆ ಬಿಳಿ ಚಕ್ರ. ಹತ್ತು ಸೆಕೆಂಡು ಓಡುತ್ತದೆ, ಹದಿನೈದು ಸೆಕೆಂಡು ನಿಲ್ಲುತ್ತದೆ. “ಮತ್ತೆ ಸುತ್ತಕ್ಕೆ ಹಿಡೀತು ನೋಡೋ” ಎಂದು ಅಮ್ಮ ಕೂಗಿದಾಗ ನಾನು ಅಡುಗೆಮನೆಯಲ್ಲಿದ್ದೆ. ಸಾಗರದ ಕಡೆಯ ಹಳ್ಳಿ ಮನೆ, ಜುಲೈ ತಿಂಗಳ ಮಳೆ, ಎರಡು ದಿನದಿಂದ ಇಂಟರ್ನೆಟ್ಟೇ ಇರಲಿಲ್ಲ. ಹಾಗಾಗಿ ‘ನೆಟ್ ನಿಧಾನ’ ಎಂದು ಹೇಳಿ ಕೈತೊಳೆದುಕೊಳ್ಳುವಂತೆಯೂ ಇರಲಿಲ್ಲ. ಆ ಯಕ್ಷಗಾನದ ಆಟದ ಫೈಲ್ ಇದ್ದದ್ದು ಅದೇ ಮನೆಯ ದೇವರ ಕೋಣೆಯ ಪಕ್ಕದ ಶೆಲ್ಫಿನಲ್ಲಿ, ಜೆಲ್ಲಿಫಿನ್ (ಮನೆಯಲ್ಲಿಟ್ಟ ವಿಡಿಯೋಗಳನ್ನು ಟಿವಿ, ಫೋನುಗಳಿಗೆ ಕಳಿಸುವ ಮೀಡಿಯಾ ಸರ್ವರ್ ತಂತ್ರಾಂಶ) ಹಾಕಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ. ಅಲ್ಲಿಂದ ಟಿವಿಗೆ ಹತ್ತು ಹೆಜ್ಜೆ.

ನಾವು ಓಟಿಟಿ ಬಿಟ್ಟು ಮನೆ ಸರ್ವರ್‌ಗೆ ಬಂದದ್ದು ಇಂಥ ಕಾಟ ತಾಳಲಾರದೆ. ಅಮ್ಮ ‘ಆಮೇಲೆ ನೋಡೋಣ’ ಎಂದು ಪಟ್ಟಿಗೆ ಸೇರಿಸಿಟ್ಟಿದ್ದ ಹಳೆಯ ಸಿನಿಮಾಗಳು ಒಂದೊಂದಾಗಿ ಮಾಯವಾದವು. ಗ್ರಾಹಕ ಸೇವೆಗೆ ಫೋನ್ ಮಾಡಿದರೆ ಆ್ಯಪ್ ತೆಗೆದು ಮತ್ತೆ ಹಾಕಿ ಎಂದರು. ಹಕ್ಕಿನ ಅವಧಿ ಮುಗಿದರೆ ಸಿನಿಮಾ ಹೋಗುತ್ತದೆ ಎಂಬುದು ಗೊತ್ತಿರುವ ವಿಷಯ. ಆದರೆ ದುಡ್ಡು ಕೊಟ್ಟವರಿಗೆ ಒಂದು ಮಾತು ಹೇಳುವವರೂ ಇರಲಿಲ್ಲ. ಜೊತೆಗೆ ದುಡ್ಡು ಕೊಟ್ಟರೂ ಜಾಹೀರಾತು, ಮಗಳ ಮನೆಯಲ್ಲಿ ಅದೇ ಪಾಸ್‌ವರ್ಡ್ ಹಾಕಿದರೆ ತಕರಾರು. ಮನೆ ಸರ್ವರ್ ಕೂಡ ಕೈಕೊಡುತ್ತದೆ. ವ್ಯತ್ಯಾಸ ಏನೆಂದರೆ, ಅದು ಯಾಕೆ ಕೈಕೊಟ್ಟಿತು ಎಂಬುದನ್ನು ತಾನೇ ಬರೆದಿಟ್ಟಿರುತ್ತದೆ. ಓದುವುದಕ್ಕೆ ನಮಗೆ ಹಕ್ಕಿದೆ, ದಾರಿಯೂ ಇದೆ. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಜೆಲ್ಲಿಫಿನ್‌ನವು. 2018ರ ಡಿಸೆಂಬರ್‌ನಲ್ಲಿ ಎಂಬಿ ಎಂಬ ಇಂಥದೇ ತಂತ್ರಾಂಶ ತನ್ನ ಸೋರ್ಸ್ ಕೋಡ್ ಮುಚ್ಚಿಕೊಂಡಾಗ ಅದರಿಂದ ಕವಲೊಡೆದು ಹುಟ್ಟಿದ ಉಚಿತ ತಂತ್ರಾಂಶ ಇದು. ಪ್ಲೆಕ್ಸ್ ಎಂಬ ಇನ್ನೊಂದು ಮೀಡಿಯಾ ಸರ್ವರ್ ಬಳಸುವವರಿಗೂ ಕ್ರಮ ಇದೇ, ಮೆನುಗಳ ಹೆಸರು ಮಾತ್ರ ಬೇರೆ.

ಮೊದಲು ಏನನ್ನೂ ಮುಟ್ಟಬೇಡಿ

ಚಕ್ರ ಕಂಡ ಕೂಡಲೇ ರೌಟರ್ ಆಫ್ ಮಾಡಿ ಆನ್ ಮಾಡುವುದು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುವುದು ನಮ್ಮೆಲ್ಲರ ಅಭ್ಯಾಸ. ದಯವಿಟ್ಟು ಬೇಡ. ದೋಷ ಕಣ್ಣೆದುರು ನಡೆಯುತ್ತಿರುವ ಆ ಐದು ನಿಮಿಷವೇ ಅಮೂಲ್ಯ. ವಿಡಿಯೋ ಹಾಗೇ ಸುತ್ತುತ್ತಿರಲಿ. ಮೊಬೈಲಿನ ಬ್ರೌಸರ್‌ನಲ್ಲಿ ಸರ್ವರ್‌ನ ವಿಳಾಸ, ಕೊನೆಗೆ 8096 ಎಂಬ ಪೋರ್ಟ್ ಸಂಖ್ಯೆ ಹಾಕಿ, ಅಡ್ಮಿನ್ ಖಾತೆಯಲ್ಲಿ ಡ್ಯಾಶ್‌ಬೋರ್ಡ್ ತೆರೆಯಿರಿ. ಈಗ ಯಾರು ಏನು ನೋಡುತ್ತಿದ್ದಾರೆ ಎಂಬ ಚೌಕದಲ್ಲಿ ಮಾಹಿತಿಯ ಸಣ್ಣ ಗುರುತು ಇರುತ್ತದೆ. ಅದನ್ನು ಒತ್ತಿದರೆ ವಿಡಿಯೋ ಯಾವ ಬಗೆಯಲ್ಲಿ ಹೋಗುತ್ತಿದೆ, ಯಾಕೆ ಎಂದು ಬರೆದಿರುತ್ತದೆ.

ಮುಖ್ಯವಾಗಿ ಬಗೆ ಮೂರು. ಡೈರೆಕ್ಟ್ ಪ್ಲೇ ಎಂದರೆ ಮಾಡಿಟ್ಟ ಅಡುಗೆಯನ್ನು ಹಾಗೇ ಬಡಿಸಿದಂತೆ, ಸರ್ವರ್‌ಗೆ ಕೆಲಸವೇ ಇಲ್ಲ. ರೀಮಕ್ಸ್ ಎಂದರೆ ಅಡುಗೆ ಅದೇ, ಪಾತ್ರೆ ಮಾತ್ರ ಬೇರೆ. ಎಂಕೆವಿ ಫೈಲನ್ನು ಬ್ರೌಸರ್‌ನಲ್ಲಿ ನೋಡಿದರೆ ಹೀಗಾಗುತ್ತದೆ, ಹಳೆಯ ಯಂತ್ರವೂ ಇದನ್ನು ಸುಲಭವಾಗಿ ಮಾಡುತ್ತದೆ. ಟ್ರಾನ್ಸ್‌ಕೋಡ್ ಎಂದರೆ ಊಟಕ್ಕೆ ಕೂತವರ ಎದುರಿಗೇ ಅಷ್ಟೂ ಅಡುಗೆಯನ್ನು ಮತ್ತೆ ಮಾಡಿ ಬಡಿಸುವುದು. ಒಲೆ ಚಿಕ್ಕದಾದರೆ ಎಲೆಯ ಮುಂದೆ ಕೂತವರು ಕಾಯಲೇಬೇಕು. ಆ ಕಾಯುವಿಕೆಯೇ ಚಕ್ರ.

ಡೈರೆಕ್ಟ್ ಪ್ಲೇ ಎಂದಿದ್ದೂ ಸುತ್ತುತ್ತಿದ್ದರೆ ದೋಷ ದಾರಿಯಲ್ಲಿದೆ: ವೈಫೈ, ಕೇಬಲ್ ಅಥವಾ ಹಾರ್ಡ್‌ಡಿಸ್ಕ್. ಟ್ರಾನ್ಸ್‌ಕೋಡ್ ಎಂದಿದ್ದರೆ ಮೊದಲು ಯಂತ್ರದ ಶಕ್ತಿಯನ್ನೂ ಟ್ರಾನ್ಸ್‌ಕೋಡ್‌ನ ಕಾರಣವನ್ನೂ ನೋಡಬೇಕು. ಈ ಒಂದು ಕವಲು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ನಾನು ಇದನ್ನು ನೋಡದೆ ಒಂದು ವಾರ ರೌಟರ್‌ನ ಜಾಗ ಬದಲಿಸುತ್ತಾ ಕಳೆದೆ.

ಒಂದು ಎಚ್ಚರ. ಟಿವಿಯಲ್ಲಿನ ತೊಂದರೆಯನ್ನು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಪರೀಕ್ಷಿಸಬೇಡಿ. ಟಿವಿ ನೇರವಾಗಿ ಆಡಿಸುವ ಎಚ್‌ಇವಿಸಿ (ವಿಡಿಯೋವನ್ನು ಕುಗ್ಗಿಸಿಡುವ ಒಂದು ಬಗೆ) ಫೈಲನ್ನು ಬ್ರೌಸರ್ ಆಡಿಸದಿರಬಹುದು, ಅಲ್ಲಿ ಬರುವ ಫಲಿತಾಂಶವೇ ಬೇರೆ. ಯಾವ ಪರದೆಯಲ್ಲಿ ತೊಂದರೆಯೋ ಅದೇ ಪರದೆಯಲ್ಲಿ ನೋಡಬೇಕು.

ನಮ್ಮ ಮನೆಯಲ್ಲಿ ಸಿಕ್ಕ ಕಾರಣ

ಡ್ಯಾಶ್‌ಬೋರ್ಡ್ ಟ್ರಾನ್ಸ್‌ಕೋಡ್ ಎಂದಿತು. ಕಾರಣದ ಜಾಗದಲ್ಲಿ ವಿಡಿಯೋ ಕೋಡೆಕ್ (ಹಾಗೆ ಕುಗ್ಗಿಸುವ ಬಗೆ) ಇರಲಿಲ್ಲ, ಆಡಿಯೋ ಇರಲಿಲ್ಲ. ಇದ್ದದ್ದು: ಸಬ್‌ಟೈಟಲ್‌ನ ಬಗೆ ಈ ಸಾಧನಕ್ಕೆ ಒಗ್ಗುವುದಿಲ್ಲ.

ಆಟವನ್ನು ಅಕ್ಕನ ಮಗ ಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ಚಿತ್ರೀಕರಿಸಿದ್ದ. ಎಚ್‌ಇವಿಸಿ, ಸೆಕೆಂಡಿಗೆ ಸುಮಾರು 40 ಮೆಗಾಬಿಟ್, ಗಂಟೆಗೆ 18 ಜಿಬಿ. ಅಪ್ಪ ಆ ಪ್ರಸಂಗದ ಪದ್ಯಗಳನ್ನು ಬಹಳ ಹಿಂದೆ ‘ನುಡಿ’ಯಲ್ಲಿ ಟೈಪ್ ಮಾಡಿಟ್ಟಿದ್ದರು. ಬೆಂಗಳೂರಿನಲ್ಲಿ ಬೆಳೆಯುವ ಮೊಮ್ಮಕ್ಕಳಿಗೆ ಭಾಗವತಿಕೆಯ ಸಾಹಿತ್ಯ ಕಿವಿಗೆ ಸಿಗುವುದಿಲ್ಲ, ಕಣ್ಣಿಗಾದರೂ ಸಿಗಲಿ ಎಂದು. ಅಪ್ಪ ಈಗಿಲ್ಲ. ಆ ಪದ್ಯಗಳು ಪರದೆಯ ಕೆಳಗೆ ಬರಬೇಕೆಂಬುದು ನನ್ನ ಆಸೆಯೂ ಅಮ್ಮನ ಆಸೆಯೂ ಆಗಿತ್ತು. ಸಬ್‌ಟೈಟಲ್ ಮಾಡಿ ಹಾಕಿದೆ. ಟಿವಿಯಲ್ಲಿ ಬರೀ ಚೌಕ ಚೌಕ. ಆಗ ಒಂದು ಉಪಾಯ ಮಾಡಿದ್ದೆ: ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶದಲ್ಲಿ ಪ್ರತಿ ಸಾಲನ್ನೂ ಚಿತ್ರವಾಗಿಸಿ ವೋಬ್‌ಸಬ್ ರೂಪದಲ್ಲಿ ಸೇರಿಸಿದೆ. ಅಕ್ಷರ ಚೆಂದ ಬಂತು. ಚಕ್ರ ಶುರುವಾದದ್ದು ಅವತ್ತಿನಿಂದಲೇ, ನಾನು ಎರಡನ್ನೂ ಜೋಡಿಸಿ ನೋಡಿರಲಿಲ್ಲ.

ಆಗುವುದು ಇಷ್ಟು. ಪಠ್ಯದ ಸಬ್‌ಟೈಟಲ್ ಆದರೆ ಸರ್ವರ್ ಅದನ್ನು ಬೇರೆಯಾಗಿ ಕಳಿಸುತ್ತದೆ, ಟಿವಿಯೇ ಅಕ್ಷರ ಬರೆದುಕೊಳ್ಳುತ್ತದೆ. ಚಿತ್ರದ ಸಬ್‌ಟೈಟಲ್ ಅನ್ನು ಅನೇಕ ಟಿವಿ ಆ್ಯಪ್‌ಗಳು ತಾವಾಗಿ ತೋರಿಸಲಾರವು. ಆಗ ಸರ್ವರ್ ಪ್ರತಿ ಫ್ರೇಮನ್ನೂ ಬಿಡಿಸಿ, ಮೇಲೆ ಅಕ್ಷರ ಅಚ್ಚೊತ್ತಿ, ಮತ್ತೆ ಕಟ್ಟಿ ಕಳಿಸಬೇಕು. ಡಿವಿಡಿಯ ವೋಬ್‌ಸಬ್, ಬ್ಲೂರೇಯ ಪಿಜಿಎಸ್ ಎರಡೂ ಈ ಜಾತಿಯವೇ. ನಮ್ಮ ಲ್ಯಾಪ್‌ಟಾಪ್ ಇಂಟೆಲ್‌ನ ಮೂರನೇ ತಲೆಮಾರಿನದು. ಅದರ ಗ್ರಾಫಿಕ್ಸ್‌ಗೆ ಎಚ್‌ಇವಿಸಿ ಬಿಡಿಸಲು ಬರುವುದಿಲ್ಲ, ಅಷ್ಟೂ ಭಾರ ಪ್ರೊಸೆಸರ್ ಮೇಲೆ.

ಇದನ್ನು ಅಂಕಿಯಲ್ಲೇ ನೋಡಬಹುದು. ಡ್ಯಾಶ್‌ಬೋರ್ಡಿನ ಲಾಗ್ ವಿಭಾಗದಲ್ಲಿ ಎಫ್‌ಎಫ್‌ಎಂಪೆಗ್ ಹೆಸರಿನ ಫೈಲ್‌ಗಳಿರುತ್ತವೆ. ಹೊಸದನ್ನು ತೆರೆದು ಕೊನೆಯ ಸಾಲುಗಳಿಗೆ ಹೋಗಿ. ಸ್ಪೀಡ್ ಎಂಬ ಪದದ ಮುಂದೆ ಒಂದು ಸಂಖ್ಯೆ. 1ಕ್ಕಿಂತ ಹೆಚ್ಚಿದ್ದರೆ ಸರ್ವರ್ ನೋಡುವವರಿಗಿಂತ ಮುಂದಿದೆ, ಕಡಿಮೆ ಇದ್ದರೆ ಹಿಂದೆ ಬಿದ್ದಿದೆ. ನಮ್ಮದು 0.4. ಅರವತ್ತು ನಿಮಿಷದ ಆಟ ಬಡಿಸಲು ನೂರೈವತ್ತು ನಿಮಿಷ. ಹತ್ತು ಸೆಕೆಂಡು ಓಡಿ ಹದಿನೈದು ನಿಲ್ಲುತ್ತಿದ್ದ ಲೆಕ್ಕ ಅಲ್ಲೇ ಸಿಕ್ಕಿತು.

ಸಬ್‌ಟೈಟಲ್ ಆಫ್ ಮಾಡಿದೆ. ಡೈರೆಕ್ಟ್ ಪ್ಲೇ. ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಒಂದೇ ನಿಮಿಷದಲ್ಲಿ ಅಡಗಿತು. ಅಮ್ಮ ಒಡ್ಡೋಲಗವನ್ನು ಪೂರ್ತಿ ನೋಡಿದರು. ಆದರೆ ಕೆಳಗೆ ಅಪ್ಪನ ಪದ್ಯ ಇರಲಿಲ್ಲ. ಹಾಗಾಗಿ ಕೆಲಸ ಅಲ್ಲಿಗೆ ಮುಗಿಯಲಿಲ್ಲ.

ಕನ್ನಡ ಅಕ್ಷರ ಸರಿಯಾಗಿ ಬರದಿದ್ದರೆ

ನಿಜವಾದ ಮದ್ದು ಪಠ್ಯದ ಸಬ್‌ಟೈಟಲನ್ನೇ ಸರಿಪಡಿಸುವುದು. ಕನ್ನಡ ಕೆಡುವುದರಲ್ಲಿ ಮೂರು ಬಗೆ ಇದೆ, ಮೂರಕ್ಕೂ ಕಾರಣ ಬೇರೆ. ಪರದೆಯ ಹತ್ತಿರ ಹೋಗಿ ಏನು ಕಾಣುತ್ತಿದೆ ಎಂದು ಸರಿಯಾಗಿ ನೋಡಿ.

ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಇರುವ ದೊಡ್ಡ ‘ಎ’ಗಳು ಸಾಲುಸಾಲಾಗಿ ಕಂಡರೆ ಅದು ಯೂನಿಕೋಡ್ ಅಲ್ಲ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಎನ್‌ಕೋಡಿಂಗ್. ನುಡಿಯಲ್ಲಿ ‘ನ’ ಇರಬೇಕಾದ ಕಡೆಯೇ ಪೌಂಡ್ ಚಿಹ್ನೆ ಕಾಣುವುದು, ಅದು ಖಚಿತ ಗುರುತು. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಸಮಯದ ಸಾಲುಗಳನ್ನು ಬಿಟ್ಟು ಪದ್ಯದ ಸಾಲುಗಳನ್ನಷ್ಟೇ ಪರಿವರ್ತಿಸಿ, ಇಲ್ಲದಿದ್ದರೆ ಅಂಕಿಗಳೂ ಕನ್ನಡಕ್ಕೆ ತಿರುಗಿ ಫೈಲ್ ಕೆಟ್ಟುಹೋಗಬಹುದು. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ಓದಿ ನೋಡಿ. ‘ಧರ್ಮ’, ‘ಕರ್ಣ’ ಇಲ್ಲದ ಪ್ರಸಂಗ ಅಪರೂಪ, ಎಡವುವುದೂ ಅಲ್ಲೇ.

ಬರೀ ಚೌಕಗಳು ಕಂಡರೆ ಫೈಲ್ ಸರಿಯಿದೆ, ತೋರಿಸುವ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ನಮ್ಮ ಹಳೆಯ ಟಿವಿಯದ್ದು ಇದೇ ಕತೆ. ಟಿವಿಗೆ ಹೊರಗಿನಿಂದ ಫಾಂಟ್ ಹಾಕಲು ದಾರಿ ಇರಲಿಲ್ಲ. ಕನ್ನಡ ಫಾಂಟ್ ಇರುವ ಒಂದು ಆಂಡ್ರಾಯ್ಡ್ ಟಿವಿ ಸ್ಟಿಕ್ ಎಚ್‌ಡಿಎಂಐಗೆ ಚುಚ್ಚಿದ ಮೇಲೆ ಅಕ್ಷರ ಬಂತು. ಕೊಳ್ಳುವ ಮುಂಚೆ ಆ ಸ್ಟಿಕ್ ಎಚ್‌ಇವಿಸಿ ಆಡಿಸುತ್ತದೆಯೇ ಎಂದು ಕೇಳಿಕೊಳ್ಳಿ. ಅಕ್ಷರ ಗೆದ್ದು ವಿಡಿಯೋ ಸೋತರೆ ಮತ್ತೆ ಟ್ರಾನ್ಸ್‌ಕೋಡ್. ಸರ್ವರ್ ತಾನೇ ಅಚ್ಚೊತ್ತುವಾಗ ಚೌಕ ಬಂದರೆ ಫಾಂಟ್ ಬೇಕಿರುವುದು ಸರ್ವರ್‌ನಲ್ಲಿ. ಅಲ್ಲಿ ನೋಟೋ ಸ್ಯಾನ್ಸ್ ಕನ್ನಡ ಎಂಬ ಫಾಂಟ್ ಹಾಕಿ.

ಅಕ್ಷರ ಕನ್ನಡದ್ದೇ, ಆದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಂತಿದೆ, ಗುಣಿತದ ಚಿಹ್ನೆ ಚುಕ್ಕಿಯ ವೃತ್ತಕ್ಕೆ ಅಂಟಿಕೊಂಡಿದೆ ಎಂದಾದರೆ ಆ ಪ್ಲೇಯರ್‌ಗೆ ಕನ್ನಡದ ಅಕ್ಷರ ಜೋಡಣೆ ಗೊತ್ತಿಲ್ಲ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ಪ್ಲೇಯರ್ ಬದಲಿಸಬೇಕು.

ಟ್ರಾನ್ಸ್‌ಕೋಡ್ ತಪ್ಪಿಸಲಾಗದಿದ್ದರೆ

ಕೆಲವೊಮ್ಮೆ ಬೇಕೇ ಬೇಕು. ಟಿವಿಗೆ ಡಿಟಿಎಸ್ ಧ್ವನಿ ಬಾರದಿದ್ದರೆ ಧ್ವನಿಯನ್ನಷ್ಟೇ ಮತ್ತೆ ಕಟ್ಟುತ್ತದೆ, ಅದು ಹಗುರ. ವಿಡಿಯೋ ಮತ್ತೆ ಕಟ್ಟಬೇಕಾದರೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನ ನೆರವು ಇರಲೇಬೇಕು. ಇಂಟೆಲ್‌ನಲ್ಲಿ ಆ ನೆರವಿನ ಹೆಸರು ಕ್ವಿಕ್‌ಸಿಂಕ್. ಅದರಲ್ಲಿ ಎಚ್‌ಇವಿಸಿ ಆರನೇ ತಲೆಮಾರಿನಿಂದ, ಅದರ 10 ಬಿಟ್ ರೂಪ ಏಳನೇ ತಲೆಮಾರಿನಿಂದ ಪೂರ್ತಿಯಾಗಿ ಬಂತು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಆಫೀಸುಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಪುಟ್ಟ ಪಿಸಿ ಕೊಳ್ಳುವವರು ಎಂಟನೇ ತಲೆಮಾರು ಅಥವಾ ಮೇಲಿನದ್ದನ್ನೇ ಕೇಳಿ. ಹೊಸದಾದರೆ ಇಂಟೆಲ್ ಎನ್‌100 ಸಾಕು, 6 ವ್ಯಾಟ್‌ನ ಚಿಪ್. ಇನ್ವರ್ಟರ್ ಮೇಲೆ ಬದುಕುವ ನಮ್ಮ ಕಡೆಯ ಮನೆಗಳಿಗೆ ಇದು ಸಣ್ಣ ಮಾತಲ್ಲ. ರಾಸ್ಪ್‌ಬೆರಿ ಪೈ 5ರಲ್ಲಿ ವಿಡಿಯೋ ಕಟ್ಟುವ ಹಾರ್ಡ್‌ವೇರ್ ಇಲ್ಲವೇ ಇಲ್ಲ. ಡೈರೆಕ್ಟ್ ಪ್ಲೇಗೆ ಮಾತ್ರವಾದರೆ ಇಟ್ಟುಕೊಳ್ಳಿ.

ಕ್ವಿಕ್‌ಸಿಂಕ್ ಆನ್ ಮಾಡಿದ ಮೇಲೆ ವಿಡಿಯೋ ಶುರುವೇ ಆಗದಿದ್ದರೆ ಎರಡು ಕಡೆ ನೋಡಿ. ಚಿಪ್‌ಗೆ ಬಾರದ ಕೋಡೆಕ್‌ಗೂ ಟಿಕ್ ಹಾಕಿದ್ದರೆ ತೆಗೆಯಿರಿ. ಲಿನಕ್ಸ್ ಆದರೆ ಜೆಲ್ಲಿಫಿನ್ ಬಳಕೆದಾರನನ್ನು ರೆಂಡರ್ ಗುಂಪಿಗೆ ಸೇರಿಸಿದ್ದೀರಾ ಎಂದು ನೋಡಿ. ಗ್ರಾಫಿಕ್ಸ್ ಮುಟ್ಟಲು ಅನುಮತಿ ಇಲ್ಲದೆ ಸೋಲುವುದು ತೀರಾ ಸಾಮಾನ್ಯ. ಚಿತ್ರ ಬಂದರೂ ಬಣ್ಣ ಮಾಸಿದ ಸೀರೆಯಂತೆ ಕಂಡರೆ ಅದು ಎಚ್‌ಡಿಆರ್ (ಹೆಚ್ಚು ಬೆಳಕು, ಬಣ್ಣ ಹಿಡಿದಿಡುವ) ಫೈಲ್, ಅದನ್ನು ಸಾಮಾನ್ಯ ಪರದೆಗೆ ಒಗ್ಗಿಸುವ ಟೋನ್ ಮ್ಯಾಪಿಂಗ್ ಆನ್ ಆಗಬೇಕು.

ಕಾರಣದ ಜಾಗದಲ್ಲಿ ಬಿಟ್‌ರೇಟ್ (ಸೆಕೆಂಡಿಗೆ ಹರಿಯುವ ಡೇಟಾ) ಮಿತಿ ಮೀರಿದೆ ಎಂದಿದ್ದರೆ ಟಿವಿ ಆ್ಯಪ್‌ನ ಗುಣಮಟ್ಟದ ಸೆಟ್ಟಿಂಗ್ ನೋಡಿ. ಯಾರೋ 3 ಮೆಗಾಬಿಟ್ ಎಂದು ಇಟ್ಟಿರುತ್ತಾರೆ. ಮನೆಯೊಳಗೆ ಅದು ಗರಿಷ್ಠ ಇರಲಿ.

ಡೈರೆಕ್ಟ್ ಪ್ಲೇ ಆದರೂ ಸುತ್ತುತ್ತಿದ್ದರೆ

ಇಲ್ಲಿ ನಾನು ಬಳಸುವ ಒರೆಗಲ್ಲು ಒಂದು ವಿಸಿಡಿ. ವಿಸಿಡಿಯ ವಿಡಿಯೋ 352ಕ್ಕೆ 288 ಗಾತ್ರದ್ದು, ಧ್ವನಿಯೂ ಸೇರಿ ಸೆಕೆಂಡಿಗೆ 1.4 ಮೆಗಾಬಿಟ್ ಅಷ್ಟೇ. ಅದರಿಂದ ಎಂಪಿ4 ಮಾಡಿಟ್ಟ ಒಂದು ತುಣುಕು, ಫೋನಿನ 4ಕೆ ತುಣುಕು, ಎರಡನ್ನೂ ‘ಪರೀಕ್ಷೆ’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ವಿಸಿಡಿ ಸಲೀಸಾಗಿ ಹೋಗಿ 4ಕೆ ಮಾತ್ರ ನಿಂತರೆ ದಾರಿ ಕಿರಿದಾಗಿದೆ. ವಿಸಿಡಿಯ ತುಣುಕೂ ನಿಂತರೆ ದಾರಿಯ ಅಗಲ ಕಾರಣವಲ್ಲ, ಎಲ್ಲೋ ಕಡಿಯುತ್ತಿದೆ, ಅಥವಾ ಡಿಸ್ಕ್ ಓದಲು ಒದ್ದಾಡುತ್ತಿದೆ.

ದಾರಿ ಅಳೆಯಲು ಐಪರ್ಫ್3 ಎಂಬ ತಂತ್ರಾಂಶ ಇದೆ. ಸರ್ವರ್‌ನಲ್ಲೊಂದು, ಟಿವಿ ಇರುವ ಜಾಗದಲ್ಲಿ ಫೋನಿನಲ್ಲೊಂದು ಓಡಿಸಿದರೆ ಮನೆಯೊಳಗಿನ ವೇಗ ಸಿಗುತ್ತದೆ. ಇಂಟರ್ನೆಟ್ ವೇಗ ತೋರಿಸುವ ಆ್ಯಪ್‌ಗಳು ಈ ಕೆಲಸಕ್ಕೆ ಬಾರವು, ಅವು ಅಳೆಯುವುದು ಬೇರೆ ದಾರಿಯನ್ನು. ವೈಫೈ ಆದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ. ಆದರೆ ನಮ್ಮ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ದಾಟುವುದು ಅದಕ್ಕೆ ಕಷ್ಟ. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6, 11ರಲ್ಲಿ ಒಂದನ್ನು ಆರಿಸಿ. ಅವು ಒಂದರ ಮೇಲೊಂದು ಬೀಳುವುದಿಲ್ಲ.

ಕೇಬಲ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ನಂಬಿದ್ದೆ. ಅಟ್ಟದ ಮೇಲೆ ಎಳೆದ ಕ್ಯಾಟ್5ಇ ಗಿಗಾಬಿಟ್ ಕೊಡಬೇಕಿತ್ತು, ಐಪರ್ಫ್ 94 ಮೆಗಾಬಿಟ್ ಎಂದಿತು. ಈ 94 ಎಂಬ ಅಂಕಿಯನ್ನು ನೆನಪಿಡಿ. ಕೇಬಲ್ ಅಥವಾ ಪೋರ್ಟ್ 100ಕ್ಕೆ ಇಳಿದಿದೆ ಎಂಬುದರ ಸಹಿ ಅದು. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, 100ಕ್ಕೆ 1, 2, 3, 6ನೇ ಪಿನ್‌ಗಳ ನಾಲ್ಕೇ ಸಾಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ಕಡಿದರೂ ಸಂಪರ್ಕ ಸಾಯುವುದಿಲ್ಲ, ಸದ್ದಿಲ್ಲದೆ ನಿಧಾನವಾಗಬಹುದು. ಏಣಿ ಹಾಕಿ ಅಟ್ಟ ಹತ್ತಿ ಟಾರ್ಚ್ ಹಿಡಿದು ಕೇಬಲ್ ಉದ್ದಕ್ಕೂ ಕೈಯಾಡಿಸುತ್ತಾ ಹೋದೆ. ಅಡಿಕೆ ಮೂಟೆಯ ಹಿಂದೆ ಇಲಿ ಸಿಪ್ಪೆ ಸುಲಿದಿತ್ತು. ಕಂದು ತಂತಿಯೊಂದು ಪೂರ್ತಿ ಕಡಿದು ತಾಮ್ರ ಹೊಳೆಯುತ್ತಿತ್ತು, ಪಕ್ಕದ ಹಸಿರು ಜೋಡಿಗೆ ಹಲ್ಲು ತಾಗಿರಲಿಲ್ಲ. ಕಡಿದ ಜಾಗದಲ್ಲಿ ಜೋಡಿಸಿ ಟೇಪ್ ಸುತ್ತಬೇಡಿ. ಅಲ್ಲಿಗೇ ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿ, ಉದ್ದ ಸಾಲದಿದ್ದರೆ ಹೊಸ ಕೇಬಲನ್ನು ಪೈಪಿನೊಳಗೆ ಎಳೆಯಿರಿ.

ಅಷ್ಟು ಮಾಡಿಯೂ ಟಿವಿಗೆ 100 ಮೆಗಾಬಿಟ್ಟೇ ಬಂದರೆ ಗಾಬರಿ ಬೇಡ. ಬಹಳಷ್ಟು ಸ್ಮಾರ್ಟ್ ಟಿವಿಗಳ ಈಥರ್ನೆಟ್ ಪೋರ್ಟೇ 100ರದ್ದು. 4ಕೆ ಬ್ಲೂರೇ ಡಿಸ್ಕ್‌ನ ದರ 128 ಮೆಗಾಬಿಟ್‌ವರೆಗೂ ಹೋಗಬಲ್ಲದು, ಅಂಥದ್ದಕ್ಕೆ ಆ ಟಿವಿಯಲ್ಲಿ 5 ಗಿಗಾಹರ್ಟ್ಸ್ ವೈಫೈಯೇ ಮೇಲು. ನಮ್ಮ ಮದುವೆ ಕ್ಯಾಸೆಟ್ಟು, ಆಟ, ವಿಸಿಡಿಗಳಿಗೆ 94 ಧಾರಾಳ.

ಡಿಸ್ಕ್‌ನ ಸದ್ದು

ನೋಡಲು ಕೂತಾಗ ಮೊದಲ ಹತ್ತು ಸೆಕೆಂಡು ಮಾತ್ರ ತಡವಾಗಿ, ಆಮೇಲೆ ಸರಿ ಹೋದರೆ ಅದು ದೋಷವಲ್ಲ, ಮಲಗಿದ್ದ ಡಿಸ್ಕ್ ಏಳುತ್ತಿದೆ. ಒಂದೇ ಫೈಲ್ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ಆ ಫೈಲ್ ಅಥವಾ ಡಿಸ್ಕ್‌ನ ಆ ಜಾಗ ಕೆಟ್ಟಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದು 5, 197 ಎಂಬ ಸಂಖ್ಯೆಯ ಸಾಲುಗಳಲ್ಲಿ ಕೊನೆಯ ಕಾಲಮ್ಮಿನ ಮೌಲ್ಯ ಸೊನ್ನೆಯೇ ಎಂದು ನೋಡಿ. ಇಲ್ಲದಿದ್ದರೆ, ಮತ್ತೆ ಸಿಗದ ಫೈಲ್‌ಗಳನ್ನು ಅವತ್ತೇ ಬೇರೆ ಡಿಸ್ಕ್‌ಗೆ ನಕಲು ಮಾಡಿ. ಉಳಿದ ಪರೀಕ್ಷೆ ಆಮೇಲೆ. 199 ಏರುತ್ತಿದ್ದರೆ ಡಿಸ್ಕ್ ಅಲ್ಲ, ಅದರ ಕೇಬಲ್ ಬದಲಿಸಿ.

ಕರೆಂಟ್ ಹೋಗಿ ಬಂದ ಮೇಲೆ ಲೈಬ್ರರಿ ಪೂರ್ತಿ ಖಾಲಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಲೈಬ್ರರಿ ಅಳಿಸಿ ಹೊಸದಾಗಿ ಮಾಡಲು ಹೋಗಬೇಡಿ. ಬಹುಪಾಲು ಸಲ ಹೊರಗಿನ ಡಿಸ್ಕ್ ಮೌಂಟ್ ಆಗಿರುವುದಿಲ್ಲ (ಯಂತ್ರಕ್ಕೆ ಜೋಡಣೆಯಾಗಿರುವುದಿಲ್ಲ), ಅಷ್ಟೇ. ವಿಂಡೋಸ್‌ನ ಎನ್‌ಟಿಎಫ್‌ಎಸ್ ರೂಪದ ಡಿಸ್ಕ್ ಆಗಿದ್ದು ಲಿನಕ್ಸ್ ಅದನ್ನು ಒಪ್ಪದಿದ್ದರೆ ವಿಂಡೋಸ್ ಯಂತ್ರಕ್ಕೆ ಚುಚ್ಚಿ ಚೆಕ್‌ಡಿಸ್ಕ್ ಓಡಿಸಿ ತನ್ನಿ.

ಊರಿಂದಾಚೆ ನೋಡುವಾಗ

ಬೆಂಗಳೂರಿನಿಂದ ಅಕ್ಕನಿಗೆ ತೆರೆಯುತ್ತಲೇ ಇರಲಿಲ್ಲ. ರೌಟರ್‌ನಲ್ಲಿ ಪೋರ್ಟ್ ತೆರೆಯುವ (ಹೊರಗಿನಿಂದ ಸರ್ವರ್‌ಗೆ ದಾರಿ ಬಿಡುವ) ಮುನ್ನ ಅದರ ಹೊರಗಿನ ಐಪಿ ವಿಳಾಸ ನೋಡಿ. 100.64ರಿಂದ 100.127ರೊಳಗೆ ಶುರುವಾದರೆ ಸೇವೆ ಕೊಡುವವರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ, ಪೋರ್ಟ್ ತೆರೆದು ಲಾಭವಿಲ್ಲ. ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ (ವಿಪಿಎನ್) ಆ್ಯಪ್ ಹಾಕಿ, ಎರಡೂ ಕಡೆ ಒಂದೇ ಮನೆಯಲ್ಲಿದ್ದಂತೆ ಆಗುತ್ತದೆ. 8096 ಅನ್ನು ಹಾಗೇ ಬಯಲಿಗೆ ಬಿಡುವುದಕ್ಕಿಂತ ಅದೇ ಕ್ಷೇಮ ಕೂಡ. ಪ್ಲೆಕ್ಸ್‌ನವರಾದರೆ, 2025ರ ಏಪ್ರಿಲ್ 29ರಿಂದ ಮನೆಯಾಚೆ ನಮ್ಮದೇ ವಿಡಿಯೋ ನೋಡಲು ಹಣ ಕಟ್ಟಿದ ಪಾಸ್ ಬೇಕು, ದೋಷ ಹುಡುಕುವ ಮುನ್ನ ಅದನ್ನು ನೋಡಿ. ತೆರೆದ ಮೇಲೂ ಸುತ್ತಿದರೆ ಮನೆಯ ಅಪ್‌ಲೋಡ್ ವೇಗ ನೋಡಬೇಕು. ಹಳ್ಳಿಯ ಸಂಪರ್ಕದಲ್ಲಿ 40 ಮೆಗಾಬಿಟ್‌ನ ಆಟ ಹೋಗದು. ಅಕ್ಕನಿಗಾಗಿ ನಾನು 4 ಮೆಗಾಬಿಟ್‌ನ ಇನ್ನೊಂದು ಪ್ರತಿ ಮಾಡಿಟ್ಟೆ. ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಿತು, ಒಂದೇ ಸಲದ ಕೆಲಸ.

ವಿಸಿಡಿ ನಕಲಾಗದಿದ್ದರೆ

ಕೊನೆಯದಾಗಿ, ಮನೆಯಲ್ಲಿರುವ ಹಳೆಯ ವಿಸಿಡಿ ತುಂಬಿಸಲು ಹೊರಟವರಿಗೆ. ನಾವು ಕೊಂಡದ್ದು, ನಾವು ಚಿತ್ರೀಕರಿಸಿದ್ದು ಮಾತ್ರ ಹಾಕುತ್ತೇವೆ, ಎಲ್ಲೋ ಸಿಕ್ಕ ಕಳ್ಳ ಪ್ರತಿ ನಮ್ಮ ಸರ್ವರ್‌ಗೆ ಬರುವುದಿಲ್ಲ. ಡಿಸ್ಕ್‌ನೊಳಗಿನ ಡ್ಯಾಟ್ ಫೈಲನ್ನು ಲಿನಕ್ಸ್‌ನಲ್ಲಿ ಸುಮ್ಮನೆ ಎಳೆದು ಹಾಕಿದರೆ ಓದುವ ದೋಷ ಬರುತ್ತದೆ. ಡಿಸ್ಕ್ ಹಾಳಾಗಿದೆ ಎಂದು ಎಸೆಯಬೇಡಿ. ವಿಸಿಡಿಯ ವಿಡಿಯೋ ಭಾಗವನ್ನು ಬರೆದಿರುವ ಕ್ರಮವೇ ಬೇರೆ, ಅದನ್ನು ತೆಗೆಯಲು ವಿಸಿಡಿಇಮೇಜರ್ ಎಂಬ ತಂತ್ರಾಂಶ ಬೇಕು. ಆ ಭಾಗದಲ್ಲಿ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ ಕಡಿಮೆ, ಸಣ್ಣ ಗೀರೂ ತಾಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿ ಉಜ್ಜಬೇಡಿ. ಎರಡು ಮೂರು ಡಿಸ್ಕ್‌ಗಳ ಸಿನಿಮಾ ಆದರೆ ಒಂದೇ ಫೋಲ್ಡರಿಗೆ ಹಾಕಿ, ಹೆಸರಿನ ಕೊನೆಗೆ ಅಡ್ಡಗೆರೆಯ ಜೊತೆ ಇಂಗ್ಲಿಷಿನಲ್ಲಿ ಪಾರ್ಟ್1, ಪಾರ್ಟ್2 ಎಂದು ಸೇರಿಸಿದರೆ ಜೆಲ್ಲಿಫಿನ್ ಒಂದೇ ಸಿನಿಮಾ ಎಂದು ತಿಳಿದು ಸಾಲಾಗಿ ಆಡಿಸುತ್ತದೆ.

ಅಪ್ಪನ ಪದ್ಯಗಳಲ್ಲಿ ಮುನ್ನೂರು ಚಿಲ್ಲರೆ ಸಾಲು ಯೂನಿಕೋಡ್‌ಗೆ ಬಂದಿವೆ. ಇನ್ನೂ ಎರಡು ಪ್ರಸಂಗ ಬಾಕಿ. ಅಮ್ಮ ಪಕ್ಕದಲ್ಲಿ ಕೂತು ಅರ್ಕಾವತ್ತು ತಪ್ಪಿದ ಕಡೆಯೆಲ್ಲ ಓದಿ ಹೇಳುತ್ತಾರೆ, ನಾನು ತಿದ್ದುತ್ತೇನೆ.